ಗೂಡ್ಸ್ ಶೆಡ್ಡಿನ ಸಾಲು

ನಮ್ಮ ಮನೆಯ ಅಟ್ಟದ ಮೇಲೆ ಒಂದು ಬಿದಿರಿನ ಗೊಟ್ಟ ಇದೆ. ಒಂದೂವರೆ ಗೇಣು ಉದ್ದ. ಒಂದು ತುದಿಯನ್ನು ಬಿದಿರಿನ ಗೆಣ್ಣೇ ಮುಚ್ಚಿದೆ, ಇನ್ನೊಂದಕ್ಕೆ ಬಟ್ಟೆ ಸುತ್ತಿದ ಬಿರಡೆ. ನಮ್ಮಪ್ಪನ ಗಾಡಿಯ ಕೆಳಗೆ ಇದು ಇಪ್ಪತ್ತಮೂರು ವರ್ಷ ತೂಗಾಡಿತ್ತು. ಒಳಗಿದ್ದದ್ದು ಕೀಲೆಣ್ಣೆ, ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿ ಅಪ್ಪನೇ ಮಾಡಿಕೊಳ್ಳುತ್ತಿದ್ದದ್ದು. ಗಾಡಿ ಮಾರಿ ಐವತ್ತು ವರ್ಷವಾದರೂ ಬಿರಡೆ ಕಿತ್ತರೆ ಆ ವಾಸನೆ ಮೂಗಿಗೆ ಬಡಿಯುತ್ತದೆ. ಪ್ರತಿ ಯುಗಾದಿಗೂ ಮನೆ ಸಾರಿಸುವಾಗ ನನ್ನ ಹೆಂಡತಿ ಇದನ್ನು ಎಸೆಯಿರಿ ಅನ್ನುತ್ತಾಳೆ. ಪ್ರತಿ ಯುಗಾದಿಗೂ ನಾನು ಅದನ್ನು ಇನ್ನೊಂದು ಮೂಲೆಗೆ ಸರಿಸುತ್ತೇನೆ.

ಅಪ್ಪ 1951ರಿಂದ 1974ರ ತನಕ ಬೆಂಗಳೂರು ಸಿಟಿ ಸ್ಟೇಷನ್ನಿನ ಗೂಡ್ಸ್ ಶೆಡ್ಡಿನಿಂದ ತರಗುಪೇಟೆ, ಅಕ್ಕಿಪೇಟೆಗಳ ಮಂಡಿಗಳಿಗೆ ಮೂಟೆ ಹೊಡೆದವರು. ಒಂದೂವರೆ ಮೈಲಿ ಮೀರದ ದಾರಿ. ನಾನು ಗಾಡಿ ಹೊಡೆಯಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾಗಿ ಕಲಾಸಿಪಾಳ್ಯದ ಲಾರಿ ಬುಕಿಂಗ್ ಆಫೀಸೊಂದರಲ್ಲಿ ಗುಮಾಸ್ತನಾದೆ. ಮೂವತ್ತಾರು ವರ್ಷ ಎಲ್.ಆರ್., ಅಂದರೆ ಲಾರಿ ರಸೀದಿ, ಬರೆದೆ. ನಮ್ಮಿಬ್ಬರ ಹೊಟ್ಟೆಪಾಡೂ ಬೇರೆಯವರ ಮೂಟೆಯ ಮೇಲೆಯೇ ನಡೆಯಿತು.

ಎರಡು ವರ್ಷದ ಹಿಂದೆ ಒಬ್ಬ ಹುಡುಗಿ ನನ್ನನ್ನು ಹುಡುಕಿಕೊಂಡು ಬಂದಳು. ಧಾರವಾಡದ ಕಡೆಯವಳು. ಯಾವುದೋ ಸಂಶೋಧನಾ ಸಂಸ್ಥೆಯಲ್ಲಿ ಊರೊಳಗಿನ ಸರಕು ಸಾಗಣೆಯ ಬಗ್ಗೆ ಕೆಲಸ ಮಾಡುತ್ತಿದ್ದಳು. ಕೈಯಲ್ಲಿ ಟ್ಯಾಬ್, ಅದರೊಳಗೆ ನಲವತ್ತು ಪ್ರಶ್ನೆ. ತರಗುಪೇಟೆಯ ಹಳಬರೊಬ್ಬರು ನನ್ನ ಹೆಸರು ಹೇಳಿದ್ದರಂತೆ.

"ಸರ, ನಾವು ಲಾಸ್ಟ್ ಮೈಲ್ ಮ್ಯಾಲೆ ಸ್ಟಡಿ ಮಾಡಾಕತ್ತೀವ್ರಿ," ಅಂದಳು.

ಲಾಸ್ಟ್ ಮೈಲ್ ಅಂದರೇನಮ್ಮ ಅಂತ ಕೇಳಿದೆ. ದೊಡ್ಡ ಲಾರಿ ಊರ ಹೊರಗೆ ನಿಲ್ಲುತ್ತದೆ, ಅಲ್ಲಿಂದ ಅಂಗಡಿಯ ಬಾಗಿಲಿನ ತನಕದ ಸಣ್ಣ ದಾರಿ ಇದೆಯಲ್ಲ ಅದು, ಖರ್ಚೆಲ್ಲ ಹೆಚ್ಚು ಬೀಳುವುದು ಅಲ್ಲೇ, ಹೊಗೆಯೂ ಅಲ್ಲೇ ಎಂದು ವಿವರಿಸಿದಳು. ನಮ್ಮಪ್ಪ ಇಪ್ಪತ್ತಮೂರು ವರ್ಷ ಮಾಡಿದ ಕೆಲಸಕ್ಕೆ ಒಂದು ಹೆಸರಿದೆ ಅಂತ ನನಗೆ ಎಪ್ಪತ್ತು ದಾಟಿದ ಮೇಲೆ ತಿಳಿಯಿತು.

ಅವಳ ಮೊದಲ ಪ್ರಶ್ನೆಯೇ ನನ್ನನ್ನು ತಡವರಿಸುವಂತೆ ಮಾಡಿತು. ಎತ್ತಿನ ಗಾಡಿಯಲ್ಲಿ ಸಾಮಾನು ಸಾಗಿಸುವುದು ಈ ಊರಿನಲ್ಲಿ ಎಷ್ಟು ಹಳೆಯದು? ಅನಾದಿ ಕಾಲದ್ದು ಅಂತ ಬಾಯಿಗೆ ಬಂತು. ನಿವೃತ್ತಿಯಾದ ಮೇಲೆ ನನಗೆ ಗೆಜೆಟಿಯರ್ ಓದುವ ಚಟ ಅಂಟಿದೆ, ಹಾಗಾಗಿ ಆ ಮಾತನ್ನು ನುಂಗಿಕೊಂಡೆ. ಕೆಂಪೇಗೌಡರು 1537ರಲ್ಲಿ ಪೇಟೆ ಕಟ್ಟಿದರು ಅನ್ನುತ್ತೇವೆ. ಅರಳೆಗೊಂದು ಪೇಟೆ, ಅಕ್ಕಿಗೊಂದು, ಬಳೆಗೊಂದು, ಕುಂಬಾರರಿಗೊಂದು. ಆದರೆ ಅಷ್ಟು ಪೇಟೆಗಳಿಗೂ ದೂರದ ಸರಕು ಬರುತ್ತಿದ್ದದ್ದು ಬಹುಪಾಲು ಎತ್ತಿನ ಬೆನ್ನ ಮೇಲೆ. ಹೇರು ಅಂದರೆ ಅದೇ: ಎತ್ತಿನ ಬೆನ್ನಿನ ಎರಡೂ ಪಕ್ಕಕ್ಕೆ ಇಳಿಬಿಟ್ಟ ಗೋಣಿ. ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಟಿಪ್ಪು ಸತ್ತ ಮರುವರ್ಷ ಈ ಸೀಮೆಯನ್ನು ಸುತ್ತಿದಾಗ ಅಡಿಕೆ, ಮೆಣಸು, ಉಪ್ಪು, ಬಟ್ಟೆ ಎಲ್ಲವೂ ಹೇರೆತ್ತಿನ ಮೇಲೆಯೇ ಓಡಾಡುತ್ತಿದ್ದವು. ದಂಡಿಗೆ ಧಾನ್ಯ ಒದಗಿಸುತ್ತಿದ್ದವರು ಲಂಬಾಣಿಗಳು, ಅವರ ಸಾವಿರಾರು ಎತ್ತುಗಳ ಸಾಲು. ಗಾಡಿ ಇರಲಿಲ್ಲ ಅಂತಲ್ಲ. ಹೊಲದಿಂದ ಕಣಕ್ಕೆ, ಊರಿಂದ ಸಂತೆಗೆ ಇತ್ತು. ದೂರದ ದಾರಿಗೆ ಗಾಡಿ ಹೋಗಲು ದಾರಿಯೇ ಇರಲಿಲ್ಲ.

ದಾರಿ ಬಂದದ್ದು ಮಾರ್ಕ್ ಕಬ್ಬನ್ನನ ಕಾಲದಲ್ಲಿ. ಆತ 1834ರಿಂದ 1861ರ ತನಕ ಮೈಸೂರು ಸೀಮೆಯ ಕಮಿಷನರ್. ಆ ಅವಧಿಯಲ್ಲಿ ಹತ್ತಿರ ಹತ್ತಿರ 1,600 ಮೈಲಿ ರಸ್ತೆಯಾಯಿತು, ಮುನ್ನೂರಕ್ಕೂ ಹೆಚ್ಚು ಸೇತುವೆಗಳಾದವು. ಚಕ್ರಕ್ಕೆ ನೆಲ ಸಿಕ್ಕಿತು. ಒಂದು ಜೊತೆ ಎತ್ತು ಬೆನ್ನ ಮೇಲೆ ಹೊರುವುದರ ಎಷ್ಟೋ ಪಟ್ಟು ಭಾರವನ್ನು ಗಾಡಿಗೆ ಕಟ್ಟಿದರೆ ಎಳೆಯುತ್ತದೆ. ಹಾಗಾಗಿ ಹೇರು ಹೋಯಿತು, ಗಾಡಿ ಹಬ್ಬಿತು, ಲಂಬಾಣಿಗಳ ತಲೆಮಾರುಗಳ ಕಸುಬು ಮುಳುಗಿತು. ಅಂದರೆ ನಾವು ಪುರಾತನ ಅಂತ ಕೈಮುಗಿಯುವ ಗಾಡಿ ಹೆದ್ದಾರಿಯ ಮೇಲೆ ಮೆರೆದದ್ದು ಮೂರ್ನಾಲ್ಕು ತಲೆಮಾರು ಮಾತ್ರ. ಒಂದು ಕಾಲಕ್ಕೆ ಅದೂ ಹೊಸ ಬಗೆಯ ವಾಹನವೇ. ಇನ್ನೊಬ್ಬರ ಅನ್ನ ಕಿತ್ತುಕೊಂಡೇ ಬಂದದ್ದು.

ಇದನ್ನು ಆ ಹುಡುಗಿಗೆ ಹೇಳಿದಾಗ ಅವಳಿಗೆ ಖುಷಿಯಾಯಿತು. ನನಗೆ ಅಷ್ಟೇನೂ ಆಗಲಿಲ್ಲ. ಅಪ್ಪನ ಗಾಡಿಯ ವಯಸ್ಸು ಕಡಿಮೆಯಾದಂತೆ ಅನ್ನಿಸಿತು.

ರೈಲು ಬಂದದ್ದು 1864ರಲ್ಲಿ, ಜೋಲಾರಪೇಟೆಯಿಂದ ಬೆಂಗಳೂರು ದಂಡಿನ (ಕಂಟೋನ್ಮೆಂಟ್) ಸ್ಟೇಷನ್ನಿಗೆ. ರೈಲು ಬಂದರೆ ಗಾಡಿ ಸಾಯುತ್ತದೆ ಎಂದು ಯಾರಿಗಾದರೂ ಅನ್ನಿಸಬೇಕು. ಆದದ್ದು ಉಲ್ಟಾ. ರೈಲು ತಂದು ಸುರಿದದ್ದನ್ನು ಊರೊಳಗೆ ಒಯ್ಯಲು ಇನ್ನಷ್ಟು ಗಾಡಿ ಬೇಕಾಯಿತು. ಈ ಸಣ್ಣ ದಾರಿ ಎಷ್ಟು ದೊಡ್ಡದು ಅಂತ ಗೊತ್ತಾದದ್ದು 1876ರಿಂದ 78ರ ಬರದಲ್ಲಿ. ನಮ್ಮಜ್ಜಿಯ ಬಾಯಲ್ಲಿ ಅದು ಧಾತು ಈಶ್ವರದ ಬರ. ಮದ್ರಾಸಿನಿಂದ ಧಾನ್ಯ ರೈಲಿನಲ್ಲಿ ಬೆಂಗಳೂರಿನ ತನಕ ಬರುತ್ತಿತ್ತು. ಅಲ್ಲಿಂದ ಮುಂದೆ ಹಳ್ಳಿಗಳಿಗೆ ಹೋಗಬೇಕಾದರೆ ಎತ್ತು ಬೇಕು. ಎತ್ತಿಗೆ ಹುಲ್ಲಿಲ್ಲ, ಕುಡಿಯಲು ನೀರಿಲ್ಲ. ಮನುಷ್ಯರಿಗಿಂತ ಮೊದಲು ಸತ್ತದ್ದೇ ದನ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿದ್ದವರು 50 ಲಕ್ಷದ 55 ಸಾವಿರ. 1881ರಲ್ಲಿ ಎಣಿಸಿದಾಗ ಸಿಕ್ಕವರು 41 ಲಕ್ಷದ 86 ಸಾವಿರ. ಮಳೆ ತಪ್ಪಿದ್ದು, ಆಳುವವರ ಜಿಪುಣತನ, ವರ್ತಕರ ದುರಾಸೆ ಎಲ್ಲವೂ ಇದ್ದವು. ಆದರೆ ಮೂಟೆ ಸ್ಟೇಷನ್ನಿನಲ್ಲಿದ್ದು ಹೊಟ್ಟೆ ಮೂವತ್ತು ಮೈಲಿ ಆಚೆ ಇದ್ದರೆ ಏನಾಗುತ್ತದೆ ಎಂಬುದೂ ಆ ಲೆಕ್ಕದೊಳಗೆ ಸೇರಿದೆ. ಬರದ ಕೂಲಿಗೆಂದು ಜನರಿಂದ ಮಣ್ಣು ಹೊರಿಸಿ ಹಾಕಿಸಿದ ಏರಿಯ ಮೇಲೆಯೇ ಮೈಸೂರಿನ ರೈಲು ಹಳಿ ಎದ್ದದ್ದು.

ಆ ಮೈಸೂರಿನ ಹಳಿ ಮೀಟರ್ ಗೇಜ್, ಮದ್ರಾಸಿನದು ಬ್ರಾಡ್ ಗೇಜ್. ಒಂದರ ವ್ಯಾಗನ್ ಇನ್ನೊಂದರ ಮೇಲೆ ಓಡದು. ಆದ್ದರಿಂದ ಬೆಂಗಳೂರಿನಲ್ಲಿ ಮೂಟೆ ಇಳಿಯಲೇಬೇಕು. ಈ ಅಡಚಣೆ ಎಷ್ಟು ಜನರಿಗೆ ಅನ್ನ ಹಾಕಿತು ಅನ್ನುವುದನ್ನು ಯಾವ ಎಂಜಿನಿಯರೂ ಬರೆದಂತಿಲ್ಲ. ಹಮಾಲಿಗಳು, ಗುಮಾಸ್ತರು, ಲಾಳ ಕಟ್ಟುವವರು, ಹುಲ್ಲು ಮಾರುವ ಹೆಂಗಸರು, ಬಡಗಿಗಳು, ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಾಸಿ ಬಿಗಿಯುವ ಕಮ್ಮಾರರು, ನಮ್ಮಪ್ಪ.

ಗೂಡ್ಸ್ ಶೆಡ್ ರಸ್ತೆಯನ್ನು ನೀವು ಇವತ್ತು ನೋಡಿದರೆ ಲಾರಿ, ಆಟೊ, ಟೀ ಅಂಗಡಿ. ನನಗೆ ಹತ್ತು ವರ್ಷವಿದ್ದಾಗ ಅದು ಎತ್ತುಗಳ ಬೀದಿ. ಅಪ್ಪ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹುರುಳಿ ಬೇಯಿಸಿದ್ದನ್ನು ಎತ್ತುಗಳಿಗೆ ಇಟ್ಟು, ಅಚ್ಚಿಗೆ ಕೀಲೆಣ್ಣೆ ಸವರಿ, ಐದೂವರೆಗೆ ಸಾಲಿನಲ್ಲಿ ನಿಲ್ಲುತ್ತಿದ್ದರು. ಸಾಲು ಅಂದರೆ ಸಾಲೇ. ಒಂದರ ಹಿಂದೆ ಒಂದು, ಕೆಲವು ದಿನ ಅರವತ್ತು ಗಾಡಿ. ಹಗಲೂಟ ಒಯ್ದುಕೊಡುವುದು ನನ್ನ ಕೆಲಸವಾಗಿತ್ತು. ಸಾಲಿನಲ್ಲಿ ಅಪ್ಪ ಎಲ್ಲಿದ್ದಾರೆ ಅಂತ ಎತ್ತಿನ ಕೋಡು ನೋಡಿ ಗುರುತಿಸುತ್ತಿದ್ದೆ. ನಮ್ಮವು ಹಳ್ಳಿಕಾರ್ ಜೋಡಿ, ಘಾಟಿ ಜಾತ್ರೆಯಲ್ಲಿ ತಂದವು. ಅಪ್ಪನಿಗೆ ಅವುಗಳ ಓಟದ ಮೇಲೆ ಹೆಮ್ಮೆ. ಓಟಕ್ಕೂ ಗೂಡ್ಸ್ ಶೆಡ್ಡಿಗೂ ಯಾವ ಸಂಬಂಧವೂ ಇರಲಿಲ್ಲ. ಕುದುರೆಗಾಡಿಯನ್ನೂ ಹಿಂದೆ ಹಾಕುವ ಎತ್ತುಗಳು ದಿನಕ್ಕೆ ಐದಾರು ಗಂಟೆ ತಲೆ ಬಗ್ಗಿಸಿಕೊಂಡು ನಿಂತಿರುತ್ತಿದ್ದವು.

ವ್ಯಾಗನ್ ಬಂದು ಬಾಗಿಲು ತೆಗೆದು, ಗುಮಾಸ್ತ ಆರ್.ಆರ್. ಅಂದರೆ ರೈಲ್ವೆ ರಸೀದಿ ನೋಡಿ, ಮೂಟೆ ಎಣಿಸಿ, ಹರಿದ ಮೂಟೆಗೆ ಜಗಳವಾಡಿ, ಹಮಾಲಿಗಳು ಬೆನ್ನಿಗೆ ಹೊತ್ತು ತಂದು ಗಾಡಿಗೆ ಎಸೆಯುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿರುತ್ತಿತ್ತು. ನೂರು ಕಿಲೋದ ಮೂಟೆ ಹತ್ತು, ಹನ್ನೆರಡು. ಆಮೇಲೆ ಒಂದೂವರೆ ಮೈಲಿ, ಅರ್ಧ ಮುಕ್ಕಾಲು ಗಂಟೆ. ಮಂಡಿಯ ಮುಂದೆ ಮತ್ತೆ ಸಾಲು. ಸೇಟು ಊಟಕ್ಕೆ ಹೋಗಿರುತ್ತಾನೆ, ಗೋಡೌನಿನ ಬೀಗದ ಕೈ ಅವನ ಸೊಂಟದಲ್ಲಿ.

ಇಲ್ಲಿ ಒಂದು ಮಾತು ಹೇಳಬೇಕು. ರೈಲ್ವೆಯವರಿಗೆ ವಾರ್ಫೇಜ್ ಅಂತ ಒಂದಿತ್ತು. ಗೊತ್ತುಮಾಡಿದ ಹೊತ್ತಿನೊಳಗೆ ವರ್ತಕ ತನ್ನ ಸರಕು ಎತ್ತದಿದ್ದರೆ ದುಡ್ಡು ಕಟ್ಟಬೇಕು. ವ್ಯಾಗನ್ನನ್ನು ತಡೆದರೆ ಡೆಮರೇಜ್. ಮುಂದೆ ನಾನು ಸೇರಿದ ಲಾರಿ ಧಂದೆಯಲ್ಲಿ ಹಾಲ್ಟಿಂಗ್ ಇತ್ತು. ಇಳಿಸಲು ತಡವಾದರೆ ದಿನಕ್ಕೆ ಇಷ್ಟು ಅಂತ ಲಾರಿಯವನು ಬರೆಸಿಕೊಳ್ಳುತ್ತಿದ್ದ, ಜಗಳವಾಡಿಯಾದರೂ ಅರ್ಧ ವಸೂಲಿ ಮಾಡುತ್ತಿದ್ದ. ವ್ಯಾಗನ್ ನಿಂತರೆ ಬೆಲೆ, ಲಾರಿ ನಿಂತರೆ ಬೆಲೆ. ಗಾಡಿ ನಿಂತರೆ ಬೆಲೆಯಿಲ್ಲ. ಬಾಡಿಗೆ ಮೂಟೆಗಿಷ್ಟು, ಅದು ಉರುಳಿದ ದಾರಿಗೆ, ನಿಂತ ಹೊತ್ತಿಗಲ್ಲ. ಅಪ್ಪನ ದಿನದ ಒಂಬತ್ತು ಹತ್ತು ಗಂಟೆಗಳಲ್ಲಿ ಸಂಪಾದನೆಯಾಗುತ್ತಿದ್ದದ್ದು ಎರಡೋ ಎರಡೂವರೆಯೋ ಗಂಟೆ.

1965ರಲ್ಲಿ ಕೇಂದ್ರ ಸರ್ಕಾರ ಭಾರ ಎಳೆಯುವ ಪ್ರಾಣಿಗಳಿಗೆ ಒಂದು ನಿಯಮ ತಂದಿತು. ದಿನಕ್ಕೆ ಒಟ್ಟು ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು, ಬಿಡುವಿಲ್ಲದೆ ಐದು ಗಂಟೆ ಮೀರಬಾರದು, 37 ಡಿಗ್ರಿ ದಾಟುವ ಬಿಸಿಲಿನ ಸೀಮೆಯಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರ ತನಕ ಗಾಡಿ ಕಟ್ಟಬಾರದು. ಒಳ್ಳೆಯ ಕಾನೂನೇ. ಅದರಲ್ಲಿ ಗಾಡಿ ಹೊಡೆಯುವವನ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ಅಪ್ಪ ಇದನ್ನು ಕೇಳಿ, "ಹಂಗಾರೆ ಎತ್ತು ಕೂತ್ಕಂಡು ನನ್ನ ಕಟ್ಟಬೋದು," ಅಂದಿದ್ದರು.

ಅಪ್ಪ ಗಾಡಿ ಮಾರುವ ಮುಂಚಿನ ವರ್ಷ, ಅಂದರೆ 1973ರಲ್ಲಿ, ಬೆಂಗಳೂರಿನ ಲ್ಯಾಂಗ್‌ಫರ್ಡ್ ರಸ್ತೆಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಶುರುವಾಯಿತು. ಅದರ ಮೊದಲ ನಿರ್ದೇಶಕರು ಎನ್. ಎಸ್. ರಾಮಸ್ವಾಮಿ. ಅದಕ್ಕೂ ಮೊದಲು ಮುಂಬಯಿಯಲ್ಲಿ ಕೈಗಾರಿಕಾ ಎಂಜಿನಿಯರಿಂಗಿನ ಸಂಸ್ಥೆ ನಡೆಸಿದವರು. ಅಂಥವರು ಕೈ ಹಾಕಿದ್ದು ಎತ್ತಿನ ಗಾಡಿಗೆ. ದೇಶದ ದೊಡ್ಡ ದೊಡ್ಡ ಕಾರ್ಖಾನೆಗಳಿಗೆ ಮ್ಯಾನೇಜರುಗಳನ್ನು ತಯಾರು ಮಾಡಲು ಕಟ್ಟಿದ ಜಾಗದ ಮುಖ್ಯಸ್ಥರು ನೊಗ, ಅಚ್ಚು, ಗುಂಬಗಳ ಬಗ್ಗೆ ಮಾತಾಡುವುದನ್ನು ಕೇಳಿ ಸೂಟು ಬೂಟಿನವರು ಹುಬ್ಬೇರಿಸಿರಬೇಕು. ರಾಮಸ್ವಾಮಿ ಬಿಡಲಿಲ್ಲ. 1979ರಲ್ಲಿ ಪ್ರಾಣಿಶಕ್ತಿಯ ನಿರ್ವಹಣೆ ಮತ್ತು ಗಾಡಿಯ ಆಧುನೀಕರಣದ ಬಗ್ಗೆ ಸಂಸ್ಥೆಯಿಂದಲೇ ದೊಡ್ಡದೊಂದು ವರದಿ ಹೊರತಂದರು. ಮುಂದೆ ಇದಕ್ಕೇ ಅಂತ ಕಾರ್ಟ್‌ಮನ್ ಎಂಬ ಸಂಸ್ಥೆ ಕಟ್ಟಿದರು. ಪದ್ಮಭೂಷಣ ಬಂತು. 2012ರಲ್ಲಿ ತೀರಿಕೊಂಡರು.

ಅವರ ಲೆಕ್ಕ ಗುಮಾಸ್ತನಾದ ನನಗೆ ಬಹಳ ಹಿಡಿಸಿತು. ಆಗ ದೇಶದಲ್ಲಿ ಎಳೆಯುವ ದನ ಸುಮಾರು ಎಂಟು ಕೋಟಿ. ಒಂದೊಂದಕ್ಕೆ ಅರ್ಧ ಅಶ್ವಶಕ್ತಿ ಅಂದುಕೊಳ್ಳಿ. ನಾಲ್ಕು ಕೋಟಿ ಅಶ್ವಶಕ್ತಿ. ವಿದ್ಯುತ್ತಿನ ಭಾಷೆಗೆ ತಿರುಗಿಸಿದರೆ ಸುಮಾರು 30,000 ಮೆಗಾವಾಟ್. ಆಗ ದೇಶದ ವಿದ್ಯುತ್ ಸ್ಥಾವರಗಳೆಲ್ಲ ಸೇರಿದರೂ ಹೆಚ್ಚು ಕಡಿಮೆ ಅಷ್ಟೇ. 1981ರ ಆಗಸ್ಟಿನಲ್ಲಿ ನೈರೋಬಿಯಲ್ಲಿ ವಿಶ್ವಸಂಸ್ಥೆಯ ಇಂಧನ ಸಮ್ಮೇಳನ ನಡೆದಾಗ ಇಂದಿರಾ ಗಾಂಧಿಯವರು ಭಾರತದ ಎತ್ತುಗಳ ಶಕ್ತಿಯನ್ನು ವಿದ್ಯುತ್ ಸ್ಥಾವರಗಳ ಜೊತೆ ತೂಗಿ ಮಾತಾಡಿದರು. ಎತ್ತು ಜಾಗತಿಕ ಸಭೆಯಲ್ಲಿ ನಿಂತಿತು. ತರಗುಪೇಟೆಯಲ್ಲಿ ಆ ಹೊತ್ತಿಗೆ ಲಾರಿ ನಿಂತಿತ್ತು.

ರಾಮಸ್ವಾಮಿಯವರ ವರದಿ ಬಂದ 1979ರಲ್ಲೇ, ನಮ್ಮ ಬಸ್ ಕಂಡಕ್ಟರುಗಳು ಟಾಟಾ ಇನ್‌ಸ್ಟಿಟ್ಯೂಟ್ ಅಂತಲೇ ಕೂಗುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಇಬ್ಬರು ಗಾಡಿಯನ್ನು ಅಳೆಯುತ್ತಿದ್ದರು. ಎಂ. ಆರ್. ರಾಘವನ್ ಮತ್ತು ಡಿ. ಎಲ್. ಪ್ರಸನ್ನರಾವ್. ಎರಡು ಚಕ್ರದ ಗಾಡಿಯ ಮೇಲೆ ಬೀಳುವ ಬಲಗಳನ್ನು ಮೊದಲು ಲೆಕ್ಕದಲ್ಲಿ ಬಿಡಿಸಿ, ಆಮೇಲೆ ನಿಜವಾದ ಗಾಡಿಯಲ್ಲಿ ಅಳೆದು, ಎರಡು ಕಂತಿನ ಲೇಖನ ಬರೆದರು. ನಾನು ಆ ಲೇಖನದ ಗಣಿತ ಅರ್ಥಮಾಡಿಕೊಂಡೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಆದರೆ ವಿಷಯ ಏನೆಂದು ಗೊತ್ತಿತ್ತು, ಅದರ ಮೇಲೆ ಕೂತು ಬೆಳೆದವನು ನಾನು. ಗಾಡಿ ಏರು ಹತ್ತುವಾಗ ಭಾರ ಹಿಂದಕ್ಕೆ ವಾಲುತ್ತದೆ, ನೊಗ ಮೇಲಕ್ಕೆದ್ದು ಕೊರಳ ಹಗ್ಗ ಎತ್ತಿನ ಗಂಟಲು ಹಿಚುಕುತ್ತದೆ. ಇಳುಕಲಿನಲ್ಲಿ ಭಾರವೆಲ್ಲ ಮುಂದಕ್ಕೆ ಬಂದು ಹೆಗಲ ಮೇಲೆ ಕೂರುತ್ತದೆ. ಬುಲ್ ಟೆಂಪಲ್ ರಸ್ತೆಯ ಏರಿನಲ್ಲಿ ಅಪ್ಪ ಮೂಕಿಯ ಮೇಲೆ ಜರುಗಿ ಎತ್ತುಗಳ ಬಾಲದ ತನಕ ಹೋಗುತ್ತಿದ್ದರು. ಇಳಿಯುವಾಗ ಹಿಂದಕ್ಕೆ ಸರಿದು ಗಾಡಿಯ ಕೊನೆಯಲ್ಲಿ ಕೂರುತ್ತಿದ್ದರು, ನನ್ನನ್ನೂ ಎಳೆದುಕೊಂಡು. "ಲೇ, ನೀನೂ ಒಂದು ಮೂಟೆನೇ, ಹಿಂದಕ್ಕೆ ಬಾ" ಅನ್ನುತ್ತಿದ್ದರು. ಎತ್ತಿನ ಹೆಗಲ ಮೇಲಿನ ಗಂಟು ಯಾಕಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಎಷ್ಟು ಕಿಲೋ ಬಿದ್ದರೆ ಆಗುತ್ತದೆ ಎಂದು ಗೊತ್ತಿರಲಿಲ್ಲ. ಆ ಅಂಕಿಯಿಲ್ಲದೆ ಬೇರೆ ನೊಗ ಮಾಡಲಾಗದು. ಹಾಗಾಗಿ ನಾನು ಸಂಸ್ಥೆಯವರನ್ನು ಗೇಲಿ ಮಾಡುವ ಪೈಕಿಯಲ್ಲ.

ಆದರೂ ಒಂದು ತಕರಾರು ಇದೆ, ಅದು ನನ್ನದಲ್ಲ, ಅಪ್ಪನದು. ಎಂಬತ್ತರ ಸುಮಾರಿಗೆ ಅವರು ತಾವರೆಕೆರೆಯ ಹತ್ತಿರ ನಮ್ಮೂರಲ್ಲಿದ್ದರು, ಕಣ್ಣಿಗೆ ಪೊರೆ ಬಂದಿತ್ತು. ರಾಮಸ್ವಾಮಿಯವರ ಬಗ್ಗೆ ಪತ್ರಿಕೆಯಲ್ಲಿ ಬಂದದ್ದನ್ನು ಭಾನುವಾರ ಹೋಗಿ ಓದಿ ಹೇಳಿದೆ. ಟೈರು, ಬಾಲ್ ಬೇರಿಂಗು, ಹಗುರ ಕಬ್ಬಿಣದ ಚೌಕಟ್ಟು, ಎತ್ತಿಗೆ ನೋವಾಗದ ನೊಗ. ಎಳೆಯುವ ಶ್ರಮ ಎಷ್ಟೋ ಪಾಲು ಇಳಿಯುತ್ತದೆ. ಪೂರ್ತಿ ಕೇಳಿಸಿಕೊಂಡರು.

"ಗಾಡಿ ಉರುಳೋದು ಯಾವತ್ತು ಕಷ್ಟ ಆಗಿತ್ತಪ್ಪ? ನಿಲ್ಲೋದು ಕಷ್ಟ."

ಆಮೇಲೆ ಇನ್ನೊಂದು ಸೇರಿಸಿದರು: "ಟೈರು ಹಾಕ್ಸುದ್ರೆ ಇಪ್ಪತ್ತು ಮೂಟೆ ಹೇರಬೋದು. ಇಪ್ಪತ್ತು ಹೇರ್ತೀಯ ಅಂದ್ಮೇಲೆ ಮೂಟೆ ಬಾಡಿಗೆ ಇಳಿಸು ಅಂತಾನೆ ಸೇಟು. ಟೈರಿನ ಸಾಲ ನಂದು, ಉಳಿದ ಕಾಸು ಅವಂದು."

ಇದನ್ನು ನಾನು ವರ್ಷಗಟ್ಟಲೆ ಮನಸ್ಸಿನಲ್ಲಿ ಮೆಲುಕು ಹಾಕಿದ್ದೇನೆ. ಟೈರ್ ಗಾಡಿ ಎಲ್ಲಿ ಹಬ್ಬಿತು ನೋಡಿ. ಮಂಡ್ಯದ ಕಡೆ, ಕಬ್ಬಿನ ಸೀಮೆಯಲ್ಲಿ. ಗದ್ದೆಯ ಕೆಸರಿನಿಂದ ಕಾರ್ಖಾನೆಯ ತನಕ ಟನ್ನುಗಟ್ಟಲೆ ಕಬ್ಬು ಎಳೆಯಬೇಕಾದ ಕಡೆ ಟೈರಿನ ಬೆಲೆ ಹುಟ್ಟುತ್ತದೆ. ಅಲ್ಲೂ ಕಾರ್ಖಾನೆಯ ಗೇಟಿನ ಮುಂದೆ ಗಾಡಿಗಳ ಸಾಲು ಇರುತ್ತದೆ, ಅದು ಬೇರೆ ಮಾತು. ಆದರೆ ಊರೊಳಗಿನ ಒಂದೂವರೆ ಮೈಲಿಯಲ್ಲಿ ಟೈರಿನಿಂದ ಉಳಿಯುವುದು ಹತ್ತು ನಿಮಿಷ. ಸಾಲಿನಲ್ಲಿ ಹೋಗುವುದು ಆರು ಗಂಟೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವಂತೆ, ಪಂಡಿತರು ಚಕ್ರವನ್ನು ಹಿಡಿದು ಎಳೆದರು, ಧಂದೆ ಗೋಡೌನಿನ ಬೀಗವನ್ನು ಹಿಡಿದು ಎಳೆಯಿತು. ರಾಮಸ್ವಾಮಿಯವರಿಗೆ ಇದು ಗೊತ್ತಿರಲಿಲ್ಲ ಅಂತ ನಾನು ಹೇಳಲಾರೆ. ಅವರ ಕಣ್ಣಿದ್ದದ್ದು ಹಳ್ಳಿಯ ಮೇಲೆ, ಗಾಡಿಗಳ ಬಹುಪಾಲು ಇದ್ದದ್ದೂ ಅಲ್ಲೇ. ಪೇಟೆಯ ಗಾಡಿಯನ್ನು ಯಾರೂ ಲೆಕ್ಕಕ್ಕಿಟ್ಟುಕೊಳ್ಳಲಿಲ್ಲ, ಅದು ಹೇಗಿದ್ದರೂ ಹೋಗುವುದೇ ಅಂತ.

ಹೋಯಿತು. 1974ರಲ್ಲಿ ಅಪ್ಪ ಎತ್ತುಗಳನ್ನು ಸಿದ್ಧಗಂಗೆ ಜಾತ್ರೆಯಲ್ಲಿ ಮಾರಿದರು. ಮೂಟೆಗಳು ರೈಲಿನಿಂದ ಲಾರಿಗೆ ಜಾರುತ್ತಿದ್ದ ಕಾಲ ಅದು. ಗೂಡ್ಸ್ ಶೆಡ್ಡಿನ ಸಾಲು ಅರವತ್ತರಿಂದ ಹತ್ತಕ್ಕಿಳಿಯಿತು. ಲಾರಿ ಗುಂಟೂರಿನಿಂದ ಮೆಣಸಿನಕಾಯಿಯನ್ನು ಸೀದಾ ಮಂಡಿಯ ಬಾಗಿಲಿಗೇ ತರುತ್ತಿತ್ತು. ನಡುವಿನ ಒಂದೂವರೆ ಮೈಲಿಯೇ ಮಾಯವಾಯಿತು. ನಾವು ಬುಕಿಂಗ್ ಆಫೀಸಿನವರು ಇದನ್ನು ದೊಡ್ಡ ಸಾಧನೆ ಅಂದುಕೊಂಡಿದ್ದೆವು. ಹತ್ತಿಪ್ಪತ್ತು ವರ್ಷ ಹಾಗೇ ನಡೆಯಿತು. ಆಮೇಲೆ ಊರು ಉಬ್ಬಿತು, ಪೇಟೆಯ ಬೀದಿ ಮಾತ್ರ ಕೆಂಪೇಗೌಡರ ಕಾಲದ ಅಗಲದಲ್ಲೇ ಉಳಿಯಿತು. ಹಗಲು ಹೊತ್ತು ಭಾರಿ ಲಾರಿ ಒಳಗೆ ಬರಬಾರದೆಂದು ಪೊಲೀಸರು ನಿರ್ಬಂಧ ಹಾಕಿದರು. ಯಶವಂತಪುರದ ಕಡೆ ಯಾರ್ಡು, ಟ್ರಕ್ ಟರ್ಮಿನಲ್ ಬಂದವು. ಒಂದೂವರೆ ಮೈಲಿ ಮತ್ತೆ ಹುಟ್ಟಿತು, ಈ ಸಲ ಆರೇಳು ಮೈಲಿಯಾಗಿ.

ಆ ಖಾಲಿ ಜಾಗಕ್ಕೆ ಮೊದಲು ನುಗ್ಗಿದ್ದು ಲಗೇಜ್ ಆಟೊ, ಆಮೇಲೆ 2005ರಲ್ಲಿ ಬಂದ ಟಾಟಾ ಏಸ್. ಅದು ಹೊರುವ ಭಾರ ಮುಕ್ಕಾಲು ಟನ್. ಅಪ್ಪನ ಮರದ ಗಾಡಿಗಿಂತ ಕಡಿಮೆ! ಇದನ್ನು ಹೇಳಿದಾಗ ಹುಡುಗಿ ನಂಬಲಿಲ್ಲ, ಟ್ಯಾಬಿನಲ್ಲಿ ನೋಡಿ ನಕ್ಕಳು. ಮಾಮೂಲುಪೇಟೆಯ ಗಲ್ಲಿಗಳಲ್ಲಿ ಏಸ್ ಕೂಡ ನುಗ್ಗುವುದಿಲ್ಲ, ಅಲ್ಲಿ ಇವತ್ತಿಗೂ ಮನುಷ್ಯ ಎಳೆಯುವ ಕೈಗಾಡಿಯೇ. ಸಾಗಣೆಯ ಚರಿತ್ರೆಯನ್ನು ಮೆಟ್ಟಿಲಿನಂತೆ ಬರೆಯುತ್ತಾರೆ, ಹೇರು, ಗಾಡಿ, ರೈಲು, ಲಾರಿ ಅಂತ. ತರಗುಪೇಟೆಯಲ್ಲಿ ನಿಂತು ನೋಡಿದರೆ ಹಳೆಯದೂ ಹೊಸದೂ ಒಟ್ಟಿಗೇ ಇರುತ್ತವೆ, ಬೀದಿ ಕಿರಿದಾದಷ್ಟೂ ಹಳೆಯದು ಗೆಲ್ಲುತ್ತದೆ.

ವಿಜ್ಞಾನ ಸಂಸ್ಥೆಯಲ್ಲಿ 2009ರಲ್ಲಿ ನಗರದ ಸಾರಿಗೆ, ಮೂಲಸೌಕರ್ಯಗಳಿಗೇ ಅಂತ ಒಂದು ಕೇಂದ್ರ ಶುರುವಾಯಿತು, ಸಿಸ್ಟಪ್ ಅಂತ. ಗಾಡಿಯ ಭಾರ ಅಳೆದ ಮೂವತ್ತು ವರ್ಷಕ್ಕೆ, ಅದೇ ಆವರಣದಲ್ಲಿ. 2021ರಲ್ಲಿ ನೀತಿ ಆಯೋಗದವರು ಹೊಗೆಯಿಲ್ಲದ ಡೆಲಿವರಿಗೆ ಒಂದು ಆಂದೋಲನ ಹೂಡಿ ಅದಕ್ಕೆ ಶೂನ್ಯ ಅಂತ ಹೆಸರಿಟ್ಟರು. ಈಗ ನಮ್ಮ ಬೀದಿಗೂ ಬ್ಯಾಟರಿಯ ಮೂರು ಗಾಲಿಯ ಗಾಡಿಗಳು ಬರುತ್ತವೆ, ಸದ್ದಿಲ್ಲದೆ ಬೆನ್ನ ಹಿಂದೆ ಬಂದು ನಿಂತು ಗಾಬರಿ ಹುಟ್ಟಿಸುತ್ತವೆ. ಅಪ್ಪನ ಗಾಡಿಯ ಹೊಗೆಯೂ ಶೂನ್ಯವೇ. ಸಗಣಿ ಶೂನ್ಯವಲ್ಲ, ಅದನ್ನು ಬೆರಣಿ ತಟ್ಟುವ ಹೆಂಗಸರು ಬಿದ್ದ ಕೂಡಲೇ ಎತ್ತಿಕೊಂಡು ಹೋಗುತ್ತಿದ್ದರು, ಯಾವ ಗಾಡಿಯ ಹಿಂದೆ ಯಾರು ಹೋಗಬೇಕೆಂದು ಅವರೊಳಗೇ ಒಪ್ಪಂದವಿತ್ತು. ಹಾಗಂತ ಎತ್ತನ್ನು ವಾಪಸ್ ತನ್ನಿ ಅಂತ ನಾನು ಹೇಳುವುದಿಲ್ಲ. ಜೂನ್ ತಿಂಗಳ ಮಳೆಯಲ್ಲಿ ಗೂಡ್ಸ್ ಶೆಡ್ ರಸ್ತೆಯ ಕೆಸರು, ಗಂಜಲ, ನೊಣ ಕಂಡವರು ಹಾಗೆ ಹೇಳುವುದಿಲ್ಲ. ಹೆಗಲು ಒಡೆದ ಎತ್ತನ್ನು ಕಂಡವರಂತೂ ಹೇಳುವುದೇ ಇಲ್ಲ.

ಹುಡುಗಿಯ ಪ್ರಶ್ನೆಗಳಲ್ಲಿ ವಾಹನದ ಬಗೆ, ಇಂಧನ, ಕಿಲೋಮೀಟರು, ಭಾರ ಎಲ್ಲ ಇದ್ದವು. ಮೂವತ್ತೊಂದನೆಯದು: ಸರಕು ಹೇರಲು, ಇಳಿಸಲು ಕಾಯುವ ಸಮಯ ಎಷ್ಟು? ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಇದನ್ನು ಯಾರು ಬರೆದದ್ದಮ್ಮ ಅಂತ ಕೇಳಿದೆ. "ನಾನ ಸೇರಿಸಿದ್ದರಿ ಸರ. ಡ್ರೈವರ್‌ಗೋಳು ಬರೇ ಅದನ್ನ ಹೇಳ್ತಾರ್ರಿ," ಅಂದಳು. ಆ್ಯಪಿನಲ್ಲಿ ಗಾಡಿ ಕರೆದರೆ ಗೊತ್ತಾದ ನಿಮಿಷ ಮೀರಿದ ಮೇಲೆ ಕಾಯುವುದಕ್ಕೂ ದುಡ್ಡು ಬರುತ್ತದಂತೆ. ಮಂಡಿಯವರು ಆ್ಯಪಿನಲ್ಲಿ ಕರೆಯುವುದಿಲ್ಲ, ಖಾಯಂ ಗಾಡಿಯವನಿಗೆ ಫೋನ್ ಮಾಡುತ್ತಾರೆ. ಅಲ್ಲಿ ಮಾತ್ರ ಹಳೆಯ ಕಟ್ಟಳೆಯೇ.

ನಾಳೆ ಬೆಳಿಗ್ಗೆ ಬಾ, ತೋರಿಸುತ್ತೇನೆ ಅಂದೆ. ಮರುದಿನ ಏಳು ಗಂಟೆಗೆ ಹೊಸ ತರಗುಪೇಟೆಯ ಒಂದು ಬೇಳೆ ಮಂಡಿಯ ಎದುರಿನ ಜಗಲಿಯ ಮೇಲೆ ಕೂತೆವು. ಒಂದು ಏಸ್ ಬಂತು. ಅವಳು ಮೊಬೈಲಿನಲ್ಲಿ ಗಡಿಯಾರ ಒತ್ತಿದಳು. ಶಟರ್ ಮುಚ್ಚಿತ್ತು. ಡ್ರೈವರ್ ಇಳಿದು ಟೀ ಕುಡಿದ, ಟೈರಿಗೆ ಒದ್ದು ನೋಡಿದ, ಹಿಂದಿನ ಹಲಗೆಯ ಮೇಲೆ ಮಲಗಿದ. ಅವನ ಹಿಂದೆ ಎರಡು, ನಾಲ್ಕು, ಏಳು ಗಾಡಿ ಸೇರಿದವು. ಸೂರ್ಯ ಎದುರುಗಡೆಯ ಕಟ್ಟಡ ದಾಟಿ ಬಂದ.

"ನಿಮ್ಮ ಅಪ್ಪಾರು ಹಿಂಗ ಕಾಯುವಾಗ ಏನ್ ಮಾಡ್ತಿದ್ರಿ ಸರ?"

"ನೊಗ ಬಿಚ್ಚಿ ಎತ್ತುಗಳನ್ನ ನೆರಳಿಗೆ ಕಟ್ಟೋರು. ನೆರಳು ಸರಿದ ಹಾಗೆಲ್ಲ ಅವೂ ಸರೀಬೇಕಲ್ಲ, ಎದ್ದು ಎದ್ದು ಕಟ್ಟೋರು. ತಮಗೆ ಗಾಡಿ ಕೆಳಗಡೆ ಗೋಣಿ ಹಾಸ್ಕೊಂಡು ಮಲಗೋರು."

ಏಸ್‌ನ ಡ್ರೈವರ್ ಎದ್ದು ಕೂತ. ಬಿಸಿಲು ಮುಖಕ್ಕೆ ಬಡಿದಿತ್ತು. ಇಳಿದು ಬಂದು ಗಾಡಿಯ ಕೆಳಗೆ ಒಂದು ಹಳೆಯ ಫ್ಲೆಕ್ಸ್ ಹಾಸಿ, ಒಳಗೆ ಜಾರಿಕೊಂಡ. ಹೊರಗೆ ಅವನ ಎರಡು ಕಾಲು ಮಾತ್ರ ಕಾಣುತ್ತಿತ್ತು. ಮೊಬೈಲಿನ ಗಡಿಯಾರದಲ್ಲಿ ಒಂದು ಗಂಟೆ ನಲವತ್ತು ನಿಮಿಷವಾಗಿತ್ತು, ಶಟರ್ ಇನ್ನೂ ಎದ್ದಿರಲಿಲ್ಲ.